ಅದಕ್ಕ ಟ್ಯೂಷನ್ ಅಂತಾರ

ಟ್ಯೂಷನ್ ಅನ್ನುವ ಶಬ್ದ ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಶಬ್ದದ ತಪ್ಪೇನಿಲ್ಲ. ಇಂಗ್ಲಿಷ್ ನಿಘಂಟು ತೆಗೆದು ನೋಡಿದರೆ, ಪಾಪ, ಕಲಿಸುವುದು ಅಂತಲೇ ಅದಕ್ಕೆ ಅರ್ಥ. ದೊಡ್ಡ ದೊಡ್ಡ ಶಾಲೆಗಳ ಫೀ ರಸೀದಿಯಲ್ಲಿ ಮೊದಲ ಸಾಲಿನಲ್ಲೇ ಟ್ಯೂಷನ್ ಫೀ ಎಂದು ಗತ್ತಿನಿಂದ ಕೂತಿರುತ್ತದೆ. ಅಲ್ಲಿ ಯಾರೂ ಅದನ್ನು ನೋಡಿ ಮೂಗು ಮುರಿಯುವುದಿಲ್ಲ. ಅದೇ ಶಬ್ದ ನನ್ನಂಥವಳ ಮನೆಯ ಹೊಸ್ತಿಲಿಗೆ ಬಂದಾಗ ಮಾತ್ರ ಜನ ದನಿ ತಗ್ಗಿಸಿ ಮಾತಾಡುತ್ತಾರೆ.

ಎರಡು ಸಾವಿರದ ಇಸವಿಯ ನಂತರದ ಆ ವರ್ಷಗಳಲ್ಲಿ ಕೋಲ್ಕತ್ತದಲ್ಲಿ ಎಲ್ಲರೂ ಏನನ್ನೋ ಕಲಿಸುವವರೇ, ಎಲ್ಲರೂ ಏನನ್ನೋ ಕಲಿಯುವವರೇ. ಸಾಲ್ಟ್ ಲೇಕಿನ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಬೆಂಗಳೂರಿನಿಂದ ಬಂದ ನಮ್ಮ ಹುಡುಗ ಹುಡುಗಿಯರು ಕೊರಳಿಗೆ ಬಿಲ್ಲೆ ಹಾಕಿಕೊಂಡು ಅಲ್ಲಿ ತಿಂಗಳುಗಟ್ಟಲೆ ಟ್ರೇನಿಂಗ್ ತಗೊಳ್ಳುತ್ತಿದ್ದರು. ಎಸಿ ಕೋಣೆಯಲ್ಲಿ ನಡೆದರೆ ಅದು ಟ್ರೇನಿಂಗ್. ಹೋಟೆಲಿನಲ್ಲಿ ಊಟದ ಜೊತೆ ನಡೆದರೆ ವರ್ಕ್‌ಶಾಪ್. ಬಸ್ಸಿನ ಹಿಂದೆ ರ‍್ಯಾಂಕು ಬಂದವರ ಫೋಟೋ ಅಂಟಿಸಿದರೆ ಕೋಚಿಂಗ್. ಜಾದವ್‌ಪುರದ ಗಲ್ಲಿಯಲ್ಲಿ ಒಬ್ಬ ಹೆಂಗಸು ಚಾಪೆ ಹಾಸಿ ಅದನ್ನೇ ಮಾಡಿದರೆ ಟ್ಯೂಷನ್. ನಾನು ಆ ಹೆಂಗಸು.

ನಾನು ಹುಟ್ಟಿ ಬೆಳೆದ ಧಾರವಾಡದಲ್ಲಿ ಈ ಶಬ್ದಕ್ಕೆ ಎರಡೂ ಕಡೆಯಿಂದ ಏಟು ಬೀಳುತ್ತಿತ್ತು. ನಮ್ಮಪ್ಪ ಕನ್ನಡ ಶಾಲೆಯ ಮಾಸ್ತರರು. ಮನೆಗೆ ಬಂದು ಕೇಳಿದವರಿಗೆಲ್ಲ ಪುಕ್ಕಟೆ ಹೇಳಿಕೊಡುತ್ತಿದ್ದರು. ಯಾರಾದರೂ ಟ್ಯೂಷನ್ ಅಂದರೆ ಮಾತ್ರ ಕೆರಳುತ್ತಿದ್ದರು. "ವಿದ್ಯಾ ಏನ್ ಬದನೀಕಾಯೇನು, ತೂಗಿ ಮಾರ್ಲಿಕ್ಕೆ?" ಅನ್ನುತ್ತಿದ್ದರು. ಹೇಳಿಕೊಡುವವರು ವಿದ್ಯೆ ಮಾರುವವರು, ಹೇಳಿಸಿಕೊಳ್ಳುವವರು ದಡ್ಡರು. ನಮ್ಮ ಓಣಿಯಲ್ಲಿ "ಅಂವ ಟ್ಯೂಷನ್‌ಗೆ ಹೋಗ್ತಾನಂತ" ಅಂದರೆ, ಆ ಹುಡುಗನ ತಲೆಯಲ್ಲಿ ಏನೂ ಇಲ್ಲ ಅಂತ ಅರ್ಥ. ಹಾಗಾಗಿ ಹೋಗುವವರು ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದರು, ಪುಸ್ತಕವನ್ನು ಕೈಚೀಲದಲ್ಲಿ ಕೊತ್ತಂಬರಿಯ ಕೆಳಗೆ ಇಟ್ಟುಕೊಂಡು.

ನಾನು ಗಣಿತದಲ್ಲಿ ಎಂ.ಎಸ್ಸಿ. ಮಾಡಿದೆ, ಬಿ.ಎಡ್. ಮಾಡಿದೆ, ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿದೆ. ಆಮೇಲೆ ಮದುವೆ. ನಮ್ಮವರದು ಕೇಂದ್ರ ಸರ್ಕಾರದ ನೌಕರಿ, ಕೋಲ್ಕತ್ತಕ್ಕೆ ಹಾಕಿದರು. ಹೊಸದರಲ್ಲಿ ನನಗೆ ಬಂಗಾಳಿ ಬಾರದು, ಊರಿನ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂದು ತಿಳಿಯದು. ಮಹಡಿಯ ಮೇಲಿದ್ದ ಮನೆ ಒಡತಿ, ಎಲ್ಲರೂ ಮಾಶಿಮಾ ಅಂತ ಕರೆಯುವ ಮುದುಕಿ, ಒಂದು ದಿನ ಮೊಮ್ಮಗಳನ್ನು ಕೈ ಹಿಡಿದು ಕರಕೊಂಡು ಬಂದರು. "ನೀನು ಎಂ.ಎಸ್ಸಿ.ಯಂತಲ್ಲ, ಇವಳಿಗೆ ಅಂಕೊ ಹೇಳಿಕೊಡು" ಅಂದರು. ಅಂಕೊ ಅಂದರೆ ಅವರ ಭಾಷೆಯಲ್ಲಿ ಗಣಿತ. ಹಿಂದಿ, ಇಂಗ್ಲಿಷ್, ಕೈಸನ್ನೆ ಎಲ್ಲ ಸೇರಿಸಿ ಹೇಳಿಕೊಟ್ಟೆ. ಮರುವಾರ ಆ ಹುಡುಗಿ ಗೆಳತಿಯನ್ನು ಕರೆತಂದಳು, ಗೆಳತಿ ತನ್ನ ಅಕ್ಕನನ್ನು.

ಬಂಗಾಳಿಗಳಿಗೆ ಟ್ಯೂಷನ್ ಅಂದರೆ ಅನ್ನ ಸಾರು ಇದ್ದಂತೆ. ದಡ್ಡ ಮಕ್ಕಳೂ ಹೋಗುತ್ತಾರೆ, ಕ್ಲಾಸಿಗೇ ಮೊದಲು ಬರುವ ಮಕ್ಕಳೂ ಹೋಗುತ್ತಾರೆ. ಮಗುವನ್ನು ನೋಡಿದ ಕೂಡಲೇ ಎಷ್ಟನೇ ಕ್ಲಾಸು ಅಂತ ಕೇಳಿ, ಅದರ ಹಿಂದೆಯೇ ಅಂಕೊ ಯಾರ ಹತ್ತಿರ ಅಂತ ಕೇಳುತ್ತಾರೆ. ನನ್ನ ಮನೆ ಮುಂದೆ ಬೆಳಗಿನ ಬ್ಯಾಚಿಗೊಂದು, ಸಂಜೆಯ ಬ್ಯಾಚಿಗೊಂದು ಚಪ್ಪಲಿ ರಾಶಿ ಬೀಳುತ್ತಿತ್ತು. ತಾಯಂದಿರು ಎದುರು ಮನೆಯ ಕಟ್ಟೆಯ ಮೇಲೆ ಸಾಲಾಗಿ ಕೂತು ಮೀನಿನ ದರ ಮಾತಾಡುತ್ತಿದ್ದರು. ಮಕ್ಕಳು ಆಂಟಿ ಅನ್ನುತ್ತಿದ್ದುದನ್ನು ಮಾಶಿಮಾ ತಿದ್ದಿದರು. "ಆಂಟಿ ಅಲ್ಲ, ದಿದಿಮೊಣಿ ಅನ್ನಿ. ಕಲಿಸುವವಳಿಗೆ ಹಾಗೇ ಅನ್ನಬೇಕು." ಬಾಗಿಲಿಗೆ ಒಂದು ಬೋರ್ಡು ಹಾಕು ಅಂತ ಅವರು ಮೇಲಿಂದ ಮೇಲೆ ಹೇಳುತ್ತಿದ್ದರು. ನನಗೆ ಅಪ್ಪನ ಬದನೆಕಾಯಿ ನೆನಪಾಗಿ ಕೈ ಬರುತ್ತಿರಲಿಲ್ಲ.

ಹೀಗೆ ವರ್ಷಗಳು ಹೋದವು. ಪಾಡಾದ, ಅಂದರೆ ನಮ್ಮ ಓಣಿಯ, ಅರ್ಧ ಮಕ್ಕಳು ನನ್ನ ಚಾಪೆಯ ಮೇಲೆ ಕೂತು ಎದ್ದರು. ಆದರೂ ನನಗೆ ಬೇಕಾಗಿದ್ದು ಬೇರೆ. ಒಂದು ಶಾಲೆ ಬೇಕಿತ್ತು. ಗಂಟೆ ಹೊಡೆಯಬೇಕು, ನಾನು ಕ್ಲಾಸಿನೊಳಗೆ ಕಾಲಿಟ್ಟಾಗ ಮಕ್ಕಳು ಎದ್ದು ನಿಲ್ಲಬೇಕು, ಗೋಡೆ ತುಂಬ ಕರಿ ಹಲಗೆ ಇರಬೇಕು. ಯಾರಾದರೂ ಏನು ಮಾಡುತ್ತೀರಿ ಅಂದರೆ ಟೀಚರ್ ಅನ್ನಬೇಕು, ಕೇಳಿದವರು "ಓ, ಮನೆಯಲ್ಲೇ ಟೈಂಪಾಸಿಗಾ?" ಅನ್ನಬಾರದು. ನಮ್ಮ ಕನ್ನಡದವರೇ ಹೀಗೆ ಅನ್ನುತ್ತಿದ್ದುದು, ಬಂಗಾಳಿಗಳಲ್ಲ.

ಆಗ ಫೋನ್ ಬಂತು, ಅಲಿಪುರದ ಸರ್ಕಾರಿ ಬಂಗಲೆಯಿಂದ. ನಮ್ಮವರ ಆಫೀಸಿನ ದೊಡ್ಡ ಸಾಹೇಬರ ಹೆಂಡತಿ. ಮೈಸೂರಿನ ಕಡೆಯವರು, ನಯವಾದ ಮಾತು.

"ಏನಿಲ್ಲ ಕಣ್ರೀ, ನಮ್ಮ ದೊಡ್ಡ ಮಗಳಿಗೆ ಸ್ವಲ್ಪ ಕನ್ನಡ ಹೇಳ್ಕೊಡ್ತೀರಾ? ಇಲ್ಲೇ ಬೆಳೆದವಳು ನೋಡಿ, ಅರ್ಥ ಆಗುತ್ತೆ, ಮಾತಾಡಕ್ಕೆ ಬರಲ್ಲ."

ನನಗೆ ಸಂತೋಷವೇ ಆಯಿತು. ಸ್ಲೇಟು ಹಿಡಿದ ಮಗುವಿನಂತೆ ಅಕ್ಷರಮಾಲೆಯ ಪುಸ್ತಕ ಹಿಡಿದುಕೊಂಡು ಬಸ್ಸು ಹತ್ತಿ ಹೋದೆ. ಹುಡುಗಿಗೆ ಹನ್ನೊಂದನೇ ಕ್ಲಾಸು. ಅವಳ ಮೇಜಿನ ಮೇಲೆ ಕೆಂಪು ಮಸಿಯಲ್ಲಿ ತಿದ್ದಿದ ಗಣಿತದ ಉತ್ತರಪತ್ರಿಕೆ ಬಿದ್ದಿತ್ತು. ತಾಯಿ ಬಾಗಿಲು ಮುಂದೆ ಮಾಡಿದರು, ಕೆಲಸದವಳು ಕನ್ನಡ ತಿಳಿಯದ ಬಂಗಾಳಿಯಾದರೂ ದನಿ ತಗ್ಗಿಸಿದರು.

"ಮ್ಯಾಥ್ಸ್ ಸ್ವಲ್ಪ ವೀಕು. ಹಾಗಂತ ಟ್ಯೂಷನ್ ಅಂತೇನೂ ಬೇಡ. ನಮ್ಮೋರಿಗೆ ಟ್ಯೂಷನ್ ಅಂದ್ರೆ ಆಗಲ್ಲ. ಅವರು ಯಾವತ್ತೂ ಹೋದವರಲ್ಲ. ನೀವು ಕನ್ನಡ ಕ್ಲಾಸು ಅಂತಲೇ ಬನ್ನಿ. ಅದರ ಜೊತೆಗೇ ಇದನ್ನೂ ಒಂಚೂರು ನೋಡಿ."

ಸಾಹೇಬರು ಟ್ಯೂಷನ್‌ಗೆ ಹೋದವರಲ್ಲ ಅನ್ನುವುದು ಕೋಲ್ಕತ್ತದ ಕನ್ನಡಿಗರಿಗೆಲ್ಲ ಬಾಯಿಪಾಠವಾಗಿದ್ದ ಸಂಗತಿ. ನಮ್ಮ ಕನ್ನಡ ಬಳಗದ ಪ್ರತಿ ಸಮಾರಂಭದಲ್ಲಿ ಮೈಕಿನ ಮುಂದೆ ನಿಂತು ಅದನ್ನು ಹೇಳುತ್ತಿದ್ದರು. ಬೀದಿದೀಪದ ಕೆಳಗೆ ಓದಿದ್ದು, ಸ್ವಂತ ಬುದ್ಧಿಯಿಂದ ಮೇಲೆ ಬಂದಿದ್ದು, ಇವತ್ತಿನ ಮಕ್ಕಳು ಊರುಗೋಲು ಹಿಡಿದು ನಡೆಯುವುದು. ಅಂಥವರ ಮಗಳು ಲೆಕ್ಕದಲ್ಲಿ ಎಡವಿದ್ದಾಳೆ ಅಂತ ಹೊರಗೆ ಬಂದರೆ ಅವರ ಬೀದಿದೀಪ ಆರಿಹೋಗುತ್ತಿತ್ತು. ಸುತ್ತ ಇಡೀ ಊರೇ ರಾಜಾರೋಷವಾಗಿ ಟ್ಯೂಷನ್‌ಗೆ ಹೋಗುತ್ತಿರುವಾಗ, ಇವರು ಮಾತ್ರ ನಮ್ಮೂರಿನ ಹಿತ್ತಲ ಬಾಗಿಲನ್ನು ಬಿಚ್ಚಿಕೊಂಡು ಬಂದು ಅಲಿಪುರದಲ್ಲಿ ಜೋಡಿಸಿಕೊಂಡಿದ್ದರು.

ಫೀ ಕೊಟ್ಟರೆ ಟ್ಯೂಷನ್ ಆಗಿಬಿಡುತ್ತದಲ್ಲ, ಅದಕ್ಕೆ ಫೀ ಇಲ್ಲ. ಬದಲಿಗೆ ಅರಿಶಿನ ಕುಂಕುಮ, ಎಲೆ ಅಡಿಕೆ, ಒಂದು ಬ್ಲೌಸ್ ಪೀಸು. ಹಬ್ಬ ಬಂದರೆ ಮೈಸೂರ್ ಪಾಕು. ಕೊಟ್ಟವರಿಗೂ ಗೊತ್ತು, ತಗೊಂಡವರಿಗೂ ಗೊತ್ತು, ಈ ಬ್ಲೌಸ್ ಪೀಸುಗಳನ್ನು ಯಾರೂ ಹೊಲಿಸುವುದಿಲ್ಲ, ಅವು ಮನೆಯಿಂದ ಮನೆಗೆ ಸುತ್ತುತ್ತಿರುತ್ತವೆ. ಒಮ್ಮೆ ನಾನೇ ಬೇರೊಬ್ಬರಿಗೆ ಕೊಟ್ಟಿದ್ದ ಗಿಳಿಹಸಿರಿನ ಪೀಸು ಇವರ ತಟ್ಟೆಯಲ್ಲಿ ಕೂತು ನನ್ನ ಕಡೆಗೇ ಬಂತು. ಸಿಟ್ಟೂ ಬಂತು, ನಗುವೂ ಬಂತು.

ಬಿಟ್ಟುಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಎರಡು ಕಾರಣ. ಒಂದು, ಆ ತಾಯಿ ನನ್ನ ಮೂಗಿಗೆ ತುಪ್ಪ ಸವರಿದ್ದರು. ಮಗಳು ಓದುತ್ತಿದ್ದ ಶಾಲೆಯಲ್ಲ, ಇನ್ನೊಂದು ಖಾಸಗಿ ಶಾಲೆಯ ಕಮಿಟಿಯಲ್ಲಿ ಸಾಹೇಬರು ಇದ್ದರು. "ಅಲ್ಲಿ ಮ್ಯಾಥ್ಸ್ ಟೀಚರ್ ರಿಟೈರ್ ಆಗ್ತಿದಾರೆ. ನಮ್ಮೋರು ಒಂದು ಮಾತು ಹೇಳಿದ್ರೆ ಆಯ್ತು. ನಿಮ್ಮನ್ನ ಬಿಟ್ಟು ಇನ್ಯಾರನ್ನ ತಗೋತಾರೆ?" ಆ ಮಾತನ್ನು ನಾನು ದಿನಾ ನೆನೆಸಿಕೊಳ್ಳುತ್ತಿದ್ದೆ. ಎರಡನೆಯ ಕಾರಣ ಆ ಹುಡುಗಿ.

ಹುಡುಗಿ ದಡ್ಡಳಲ್ಲ, ಹೆದರಿದ್ದಳು. ಲೆಕ್ಕ ನೋಡಿದ ಕೂಡಲೇ ಅವಳ ಪೆನ್ನು ನಿಂತುಬಿಡುತ್ತಿತ್ತು, ತಪ್ಪಾದರೆ ಅಪ್ಪನ ಬೀದಿದೀಪದ ಕಥೆ ಮತ್ತೆ ಕೇಳಬೇಕಲ್ಲ ಅಂತ. ಅವಳ ಶಾಲೆಯವರು ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ಹೇಳಿದ್ದು ಅವಳಿಗೆ ತಲೆಯ ಮೇಲಿಂದ ಹೋಗಿತ್ತು. ಕನ್ನಡ ಕ್ಲಾಸು ಅನ್ನುವ ಸುಳ್ಳು ಪೂರ್ತಿ ಸುಳ್ಳಾಗುವುದು ಬೇಡ ಅಂತ ನಾನು ಗಣಿತವನ್ನು ಕನ್ನಡದಲ್ಲೇ ಹೇಳತೊಡಗಿದೆ. ನನ್ನ ಕನ್ನಡ ಅಂದರೆ ಧಾರವಾಡದ್ದೇ. ನನ್ನ ಅಪ್ಪ ನನಗೆ ಹೇಳಿಕೊಡುತ್ತಿದ್ದ ಹಾಗೇ, ಪ್ರತಿ ಲೆಕ್ಕಕ್ಕೂ ಮೊದಲು ಒಂದೇ ಪಾಠ.

"ಮೊದಲ ಏನ್ ಕೊಟ್ಟಾರ, ಅದನ್ನ ಬರಿ. ಏನ್ ಗೊತ್ತಿಲ್ಲ, ಅದಕ್ಕ ಒಂದು ಹೆಸರ ಇಡು. ಹೆಸರ ಇಟ್ಟ ಮ್ಯಾಲ ಅದಕ್ಕ ಹೆದರಬ್ಯಾಡ."

ಅವಳು ನಕ್ಕು, ಪೆನ್ನು ಎತ್ತುತ್ತಿದ್ದಳು. "ಹೆದರಬ್ಯಾಡ" ಅಂತ ತಾನೂ ಅನ್ನುತ್ತಿದ್ದಳು. ಬರಬರುತ್ತ ನಾನು ಬಾಯಿ ತೆರೆಯುವ ಮೊದಲೇ ಅವಳೇ ಅದನ್ನು ಮಂತ್ರದ ಹಾಗೆ ಹೇಳಿ ಲೆಕ್ಕ ಶುರು ಮಾಡುತ್ತಿದ್ದಳು. ತಿಂಗಳುಗಳು ಕಳೆದ ಹಾಗೆ ಅವಳ ಉತ್ತರಪತ್ರಿಕೆಯಲ್ಲಿ ಕೆಂಪು ಮಸಿ ಕಡಿಮೆಯಾಯಿತು. ಬಳಗದ ಹೆಂಗಸರು ಸಿಕ್ಕಾಗ "ಸಾಹೇಬರ ಮಗಳಿಗೆ ಕನ್ನಡ ಎಲ್ಲಿವರೆಗೆ ಬಂತು?" ಅನ್ನುತ್ತಿದ್ದರು. ನಾನು "ಬರ್ಲಿಕ್ಕತ್ತದ" ಅಂದು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆ.

ಹುಡುಗಿಯ ಹನ್ನೆರಡನೆಯ ಕ್ಲಾಸಿನ ಪರೀಕ್ಷೆ ನಡೆಯುತ್ತಿದ್ದಾಗಲೇ ಆ ಶಾಲೆಯಿಂದ ನನಗೆ ಸಂದರ್ಶನದ ಕರೆ ಬಂತು. ಮದುವೆಯ ರೇಷ್ಮೆ ಸೀರೆ ಜಾಸ್ತಿಯಾಯಿತೆಂದು ತೆಗೆದಿಟ್ಟು, ಇಳಕಲ್ ಸೀರೆ ಉಟ್ಟುಕೊಂಡೆ. ನಮ್ಮವರು ಆಟೋದವರೆಗೆ ಬಂದು ಕಳಿಸಿದರು. ಮೇಜಿನ ಆಚೆ ಪ್ರಿನ್ಸಿಪಾಲರು, ಕಾರ್ಯದರ್ಶಿ, ನಡುವೆ ಸಾಹೇಬರು. ಪ್ರಿನ್ಸಿಪಾಲರು ಹಲಗೆಯ ಮೇಲೆ ಒಂದು ಲೆಕ್ಕ ಬಿಡಿಸಿ ತೋರಿಸಿ ಅಂದರು. ಬಿಡಿಸಿದೆ, ಯಾಕೆ ಹಾಗೆ ಅಂತ ವಿವರಿಸಿದೆ. ಅವರ ಮುಖ ಅರಳಿತು. ಅಷ್ಟರಲ್ಲಿ ಸಾಹೇಬರು ನನ್ನನ್ನು ಈ ಜನ್ಮದಲ್ಲಿ ನೋಡೇ ಇಲ್ಲದವರ ಹಾಗೆ ಇಂಗ್ಲಿಷಿನಲ್ಲಿ ಬಾಯಿ ತೆರೆದರು.

"ಹುಬ್ಬಳ್ಳಿ ಬಿಟ್ಟ ಮೇಲೆ ಇಷ್ಟು ವರ್ಷ ಏನು ಮಾಡಿದಿರಿ?"

"ಟ್ಯೂಷನ್ ಹೇಳಿದೆ" ಅಂದೆ.

"ಅದು ಸರಿ. ಟ್ಯೂಷನ್ ಬಿಟ್ಟು?"

ನಾನು ಅವರ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಟ್ಯೂಷನ್ ಬಿಟ್ಟು ಏನೂ ಇಲ್ಲ ಅಂದೆ. ಅವರು ಪ್ರಿನ್ಸಿಪಾಲರ ಕಡೆ ತಿರುಗಿ, ಮನೆಯಲ್ಲಿ ಕೂತು ಮಕ್ಕಳನ್ನು ನೋಡಿಕೊಳ್ಳುವುದನ್ನು ಅನುಭವ ಅಂತ ಹಿಡಿಯಲಾಗುವುದಿಲ್ಲ, ಇದು ಖಾಲಿ ಬಿದ್ದ ಕಾಲ, ಗ್ಯಾಪ್, ಅಂದರು. ಗ್ಯಾಪ್. ಅವರ ಮಗಳ ಮೇಜಿನ ಪಕ್ಕ ನಾನು ಕೂತ ಅಷ್ಟೂ ಸಂಜೆಗಳು ಆ ಗ್ಯಾಪಿನೊಳಗೇ ಇದ್ದವು. ಅಲ್ಲೇ ಎದ್ದು ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಮರುದಿನ ಬಿಟ್ಟು ಅದರ ಮರುದಿನ ಹುಡುಗಿಯ ಗಣಿತದ ಪರೀಕ್ಷೆ ಇತ್ತು. ಅಪ್ಪನ ಮಾನ ತನ್ನಿಂದ ಹೋಯಿತು ಅಂತ ಅವಳಿಗೆ ಗೊತ್ತಾದರೆ ಪೆನ್ನು ಮತ್ತೆ ನಿಂತುಬಿಡುತ್ತದೆ.

ಮರುದಿನ ಹೋದೆ. ಸಾಹೇಬರು ವರಾಂಡದಲ್ಲಿ ಪೇಪರು ಓದುತ್ತ ಕೂತಿದ್ದರು. ಈಗ ಕನ್ನಡ ಬಂತು.

"ಬನ್ನಿ, ಬನ್ನಿ. ನಿನ್ನೆ ತುಂಬಾ ಚೆನ್ನಾಗಿ ಮಾಡಿದ್ರಿ. ಏನ್ ಮಾಡೋದು ಹೇಳಿ, ರೂಲ್ಸು. ನಾನು ಒಬ್ಬನೇ ಅಲ್ವಲ್ಲ."

ಒಳಗೆ ಹೋಗಿ ಹುಡುಗಿಯ ಜೊತೆ ಕೂತೆ. ಅವಳು ನನ್ನ ಮುಖ ನೋಡಿ, "ಆಂಟಿ, ಆರ್ ಯೂ ಓಕೆ? ಏನಾಯ್ತು?" ಅಂದಳು. ಬಸ್ಸಿನಲ್ಲಿ ನಿಂತು ಬಂದೆ, ಕಾಲು ನೋವು, ಅಂದೆ. ಆಮೇಲೆ ಆ ಶಾಲೆಗೆ ಯಾರನ್ನೋ ತಗೊಂಡರು ಅಂತ ಗೊತ್ತಾಯಿತು. ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಫಲಿತಾಂಶ ಬಂತು. ಹುಡುಗಿಗೆ ಗಣಿತದಲ್ಲೇ ಎಲ್ಲಕ್ಕಿಂತ ಹೆಚ್ಚು ಅಂಕ. ಇಂಜಿನಿಯರಿಂಗ್ ಸೀಟೂ ಸಿಕ್ಕಿತು. ಅವಳೇ ಫೋನ್ ಮಾಡಿ ಕಿರುಚಿ ಹೇಳಿದಳು. ಅವಳ ತಂದೆ ತಾಯಿಯಿಂದ ಫೋನ್ ಬರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವ ಗಾದೆಯನ್ನು ನನ್ನಂಥವರನ್ನು ನೋಡಿಯೇ ಮಾಡಿರಬೇಕು. ನಾನು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡಿ ತೊಳೆದೆ. ನಮ್ಮವರು ಬಾಗಿಲಲ್ಲಿ ನಿಂತು, "ದೊಡ್ಡವರ ಜೋಡಿ ಯಾಕ ಮನಸಿಗೆ ಹಚ್ಚಿಕೊಳ್ತಿ? ನಾಳೆ ನಾ ಅವರ ಕೈಕೆಳಗ ಕೂಡಬೇಕಲ್ಲ" ಅಂದರು. ಅವರ ಮೇಲೂ ರೇಗಿದೆ. ಅವರು ಸುಮ್ಮನೆ ಒರೆಸುವ ಬಟ್ಟೆ ಎತ್ತಿಕೊಂಡು ಪಾತ್ರೆ ಒರೆಸಿದರು.

ನವೆಂಬರಿನಲ್ಲಿ ಬಳಗದ ರಾಜ್ಯೋತ್ಸವ. ಭಾನುವಾರ ಬೆಳಗ್ಗೆ ಬಾಡಿಗೆ ಸಭಾಂಗಣ, ಹಳದಿ ಕೆಂಪು ಬಾವುಟ, ಹಿಂದುಗಡೆ ಬಿಸಿಬೇಳೆ ಬಾತಿನ ಕಡಾಯಿ. ಪ್ರತಿವರ್ಷದಂತೆ ಪ್ರತಿಭಾ ಪುರಸ್ಕಾರ. ಚೆನ್ನಾಗಿ ಅಂಕ ಪಡೆದ ಮಕ್ಕಳಿಗೆ ಶಾಲು, ಹಾರ, ಸ್ಟೀಲಿನ ತಟ್ಟೆ. ಈ ಸಲ ಮೊದಲ ಕರೆ ಸಾಹೇಬರ ಮಗಳಿಗೆ. ಅಧ್ಯಕ್ಷರ ಕುರ್ಚಿಯಲ್ಲೂ ಸಾಹೇಬರೇ ಇದ್ದುದರಿಂದ ಅವರೇ ಎದ್ದು ಮಗಳಿಗೆ ಶಾಲು ಹೊದಿಸಿದರು. ಆಮೇಲೆ ಮೈಕು ಹಿಡಿದರು.

"ಹೆಮ್ಮೆಯಿಂದ ಹೇಳ್ತೀನಿ. ಈ ಊರಲ್ಲಿ ಎಲ್ಲ ಮಕ್ಕಳೂ ಬೆಳಗಾದ್ರೆ ಟ್ಯೂಷನ್‌ಗೆ ಓಡ್ತಾರೆ. ನನ್ನ ಮಗಳು ಒಂದೇ ಒಂದು ಟ್ಯೂಷನ್ ಇಲ್ಲದೆ, ಸ್ವಂತ ಪರಿಶ್ರಮದಿಂದ ಈ ಮಟ್ಟಕ್ಕೆ ಬಂದಿದಾಳೆ. ಅಷ್ಟೇ ಅಲ್ಲ, ಆ ಓದಿನ ನಡುವೆ ಎರಡು ವರ್ಷ ಕನ್ನಡ ಕಲಿತಿದಾಳೆ."

ಚಪ್ಪಾಳೆ ಬಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದನ್ನು ನೋಡಿದ್ದೆ, ಮೈಕು ಹಿಡಿದು ಕುಡಿಯುವುದನ್ನು ಅವತ್ತೇ ನೋಡಿದ್ದು. ನಾಲ್ಕನೇ ಸಾಲಿನಲ್ಲಿ ಕೂತಿದ್ದ ನಾನು ಕುರ್ಚಿಯ ತುದಿಗೆ ಸರಿದೆ. ನಮ್ಮವರು ಮೆಲ್ಲಗೆ ನನ್ನ ಮೊಣಕೈ ಹಿಡಿದರು. ಅಕ್ಕಪಕ್ಕದ ಹೆಂಗಸರು ಕನ್ನಡ ಕಲಿಸಿದವಳು ಇವಳೇ ಅಂತ ನನ್ನ ಕಡೆ ತಿರುಗಿ ನಕ್ಕರು.

ನಿರೂಪಣೆಗೆ ನಿಂತಿದ್ದವನು ಸಾಫ್ಟ್‌ವೇರ್ ಕಂಪನಿಯ ಬೆಂಗಳೂರಿನ ತರುಣ, ಬಹಳ ಉತ್ಸಾಹಿ. ಅವನಿಗೆ ಏನೂ ಗೊತ್ತಿಲ್ಲ. ಮೈಕನ್ನು ಹುಡುಗಿಯ ಬಾಯಿಗೆ ಹಿಡಿದು, "ಎರಡು ವರ್ಷ ಕಲ್ತಿದೀರ ಅಂದ್ರೆ, ಒಂದು ಪದ್ಯ ಆಗ್ಲೇಬೇಕು" ಅಂದ. ಹುಡುಗಿ "ಎಲ್ಲರಿಗೂ ನಮಸ್ಕಾರ" ಅಂದು ನಿಂತಳು. "ಅಷ್ಟಕ್ಕೇ ಬಿಡಲ್ಲ" ಅಂದ. ಸಾಹೇಬರು ನಗುತ್ತ, "ಆಂಟಿ ಕಲಿಸಿದ್ದು ಯಾವುದಾದ್ರೂ ಹೇಳಮ್ಮ" ಅಂದರು. ಕಲಿಸಿದ್ದು ಏನು ಅಂತ ಆ ಮನುಷ್ಯನಿಗೆ ಮರೆತೇ ಹೋಗಿತ್ತು. ತನ್ನ ಸುಳ್ಳನ್ನು ತಾನೇ ನಂಬುವಷ್ಟು ಸಲ ಹೇಳಿದ್ದರು.

ಹುಡುಗಿ ಶಾಲಿನ ಅಂಚನ್ನು ಹಿಡಿದುಕೊಂಡು ಸಭೆಯ ಮೇಲೆ ಕಣ್ಣಾಡಿಸಿದಳು. ನನ್ನನ್ನು ಕಂಡಳು. ಕನ್ನಡದಲ್ಲಿ ಅವಳಿಗೆ ಬಾಯಿಪಾಠ ಬರುತ್ತಿದ್ದುದು ನಮ್ಮ ಲೆಕ್ಕದ ಪಾಠವೊಂದೇ, ಬೇರೆ ಇರಲಿಲ್ಲ. ಬೇಕಂತಲೇ ಹೇಳಿದಳೋ, ದಾರಿ ಕಾಣದೆ ಹೇಳಿದಳೋ, ನಾನು ಯಾವತ್ತೂ ಕೇಳಲಿಲ್ಲ. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಶುರು ಮಾಡಿದಳು.

"ಮೊದಲ ಏನ್ ಕೊಟ್ಟಾರ, ಅದನ್ನ ಬರಿ. ಏನ್ ಗೊತ್ತಿಲ್ಲ, ಅದಕ್ಕ ಒಂದು ಹೆಸರ ಇಡು. ಹೆಸರ ಇಟ್ಟ ಮ್ಯಾಲ ಅದಕ್ಕ ಹೆದರಬ್ಯಾಡ. ಎರಡೂ ಕಡೆ ಒಂದ ನ್ಯಾಯ. ಈ ಕಡೆ ಏನ್ ತಗೀತಿ, ಆ ಕಡೀನೂ ಅದನ್ನ ತಗೀಬೇಕು. ಉತ್ತರ ಬಂತಂತ ಕುಣೀಬ್ಯಾಡ, ತಿರುಗಿ ಒಳಗ ಹಾಕಿ ನೋಡು."

ಮೈಸೂರಿನ ಸಾಹೇಬರ ಮಗಳ ಬಾಯಲ್ಲಿ ಖಡಕ್ ಧಾರವಾಡದ ಮಾತು ಕೇಳಿ ಸಭೆ ಮೊದಲು ದಂಗಾಯಿತು, ಆಮೇಲೆ ನಕ್ಕಿತು. ಮುಂದಿನ ಸಾಲಿನ ಒಬ್ಬರು ಕಣ್ಣು ಮುಚ್ಚಿ ತಲೆದೂಗಿ, "ಆಹಾ, ನವ್ಯ" ಅಂದರು. ಪಕ್ಕದಲ್ಲಿದ್ದ ರೈಲ್ವೆಯ ನಿವೃತ್ತ ಹಿರಿಯರು ಅವರ ಕಡೆ ತಿರುಗಿದರು.

"ನವ್ಯ ಅಲ್ರೀ, ಬೀಜಗಣಿತ. ಈ ಹುಡುಗಿಗೆ ಕಲಿಸಿದ್ದು ಕನ್ನಡ ಅಲ್ಲ, ಗಣಿತ."

ಅವರದು ಜೀವಮಾನವಿಡೀ ರೈಲಿನ ಸದ್ದಿನ ಮೇಲೆ ಮಾತಾಡಿದ ಗಂಟಲು, ಸಭೆಯ ಕೊನೆಯವರೆಗೂ ಕೇಳಿಸಿತು. ಸಾಹೇಬರ ಹೆಂಡತಿ ಸೆರಗು ಸರಿಮಾಡಿಕೊಂಡರು. ಸಾಹೇಬರು ತರುಣನ ಕೈಯಿಂದ ಮೈಕು ತಗೊಂಡರು. "ಹ್ಹೆ ಹ್ಹೆ, ಅದು ಏನಂದ್ರೆ, ಕನ್ನಡದ ಜೊತೆಗೆ ಅವರು ಪ್ರೀತಿಯಿಂದ ಒಂದಿಷ್ಟು ಲೆಕ್ಕವೂ... ಅದಕ್ಕೆ ಏನನ್ನಬೇಕೋ... ಒಂದು ಥರಾ ಗೈಡೆನ್ಸು..." ಅನ್ನುತ್ತ ಶಬ್ದ ಹುಡುಕಿದರು.

ನಾನು ಎದ್ದು ನಿಂತಿದ್ದು ನನಗೇ ತಿಳಿಯಲಿಲ್ಲ. ನಮ್ಮವರ ಕೈ ನನ್ನ ಮೊಣಕೈಯಿಂದ ಜಾರಿತು.

"ಅದಕ್ಕ ಟ್ಯೂಷನ್ ಅಂತಾರ್ರಿ, ಸಾಹೇಬ್ರ" ಅಂದೆ.

ಕಿರುಚಲಿಲ್ಲ. ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೇಳುವಂತೆ ಮಾತಾಡುವ ದನಿ ನನಗೆ ಇದೆ, ಅದನ್ನು ಅವರು ಸಂದರ್ಶನದಲ್ಲಿ ಕೇಳಿದ್ದರು. "ಮನಿಯೊಳಗ ಕೂತು ಮಾಡಿದ್ದು. ಗ್ಯಾಪಿನ್ಯಾಗ ಮಾಡಿದ್ದು" ಅಂತಲೂ ಸೇರಿಸಿದೆ. ಗ್ಯಾಪ್ ಅಂದರೇನೆಂದು ಸಭೆಗೆ ಅರ್ಥವಾಗಲಿಲ್ಲ. ಅವರಿಗೆ ಅರ್ಥವಾಯಿತು. ನಂತರ ಯಾರೋ ನಾಡಗೀತೆ ಶುರು ಮಾಡಿದರು, ಎಲ್ಲರೂ ಎದ್ದು ನಿಂತರು, ಹಾಗಾಗಿ ನಾನೊಬ್ಬಳೇ ನಿಂತ ಹಾಗೆ ಕಾಣಿಸಲಿಲ್ಲ.

ಊಟಕ್ಕೆ ನಿಲ್ಲದೆ ಹೊರಟೆವು. ಎಸ್ಪ್ಲನೇಡಿನಲ್ಲಿ ಬಸ್ಸು ಬದಲಿಸುವಾಗ ನಮ್ಮವರು ಮಣ್ಣಿನ ಲೋಟದಲ್ಲಿ ಚಹಾ ಕೊಡಿಸಿದರು. ನನಗೆ ಆಗಷ್ಟೇ ಅವರ ನೌಕರಿಯ ನೆನಪಾಯಿತು.

"ಇನ್ನ ಎಲ್ಲಿಗೆ ವರ್ಗ ಮಾಡ್ತಾರೋ ನೋಡೂಣು" ಅಂದರು. ಚಹಾ ಮುಗಿಸಿ ಲೋಟ ಒಗೆದು, "ಎಲ್ಲಿ ಹೋದ್ರೂ ಚಾಪಿ ತಗೊಂಡು ಹೋಗೂಣಲ್ಲ" ಅಂದರು.

ವರ್ಗ ಮಾಡಲಿಲ್ಲ. ಮಾಡಿದ್ದರೆ ಯಾಕೆ ಅಂತ ಜನ ಕೇಳುತ್ತಿದ್ದರು. ಶಾಲೆಯ ನೌಕರಿಯಂತೂ ನನಗೆ ಆಮೇಲೆಯೂ ಸಿಗಲಿಲ್ಲ, ಎಲ್ಲಿ ಹೋದರೂ ಅದೇ ಪ್ರಶ್ನೆ, ಅದೇ ಗ್ಯಾಪು. ಸಭೆಯಲ್ಲಿ ಒಂದು ಮಾತು ಹೇಳಿದ್ದರಿಂದ ಅದೇನೂ ತುಂಬಲಿಲ್ಲ. ಈ ಸಿಟ್ಟು ನನ್ನ ಜೊತೆಗೇ ಬರುತ್ತದೆ, ಇದಕ್ಕೆ ನಾನು ಔಷಧ ಹುಡುಕಿಲ್ಲ, ಹುಡುಕುವುದೂ ಇಲ್ಲ. ಮಾಶಿಮಾ ಹೇಳಿದ್ದನ್ನು ಮಾತ್ರ ಮಾಡಿದೆ. ಗಲ್ಲಿಯ ತುದಿಯ ಪೇಂಟರನಿಂದ ಬಂಗಾಳಿ, ಇಂಗ್ಲಿಷ್ ಎರಡರಲ್ಲೂ ತಗಡಿನ ಬೋರ್ಡು ಬರೆಸಿ ಬಾಗಿಲಿಗೆ ಹಾಕಿದೆ. ನನ್ನ ಹೆಸರು, ಎಂ.ಎಸ್ಸಿ., ಬಿ.ಎಡ್., ಕೆಳಗೆ ದಪ್ಪ ಅಕ್ಷರದಲ್ಲಿ ಟ್ಯೂಷನ್. ಅಪ್ಪ ಇದ್ದಿದ್ದರೆ ಅವರ ಜೊತೆ ಜಗಳಾಡುತ್ತಿದ್ದೆ. ಕಲಿಸುವುದಕ್ಕೆ ಕೂಲಿ ತಗೊಳ್ಳುವುದು ಮಾನಗೇಡಲ್ಲ, ಕಲಿತು ಇಲ್ಲ ಅನ್ನುವುದು ಮಾನಗೇಡು ಅಂತ ಹೇಳುತ್ತಿದ್ದೆ.

ಹೊಸ ತರಗತಿಗಳು ಶುರುವಾಗುವ ಏಪ್ರಿಲಿನಲ್ಲಿ ಫೋನ್ ಬಂತು. ಅಲಿಪುರದಿಂದ, ಅದೇ ನಯವಾದ ದನಿ, ನಡುವೆ ಏನೂ ನಡೆದೇ ಇಲ್ಲ ಅನ್ನುವಂತೆ.

"ಏನಿಲ್ಲ ಕಣ್ರೀ, ಚಿಕ್ಕವಳೂ ಈಗ ಒಂಬತ್ತನೇ ಕ್ಲಾಸು. ಅವಳಿಗೂ ಸ್ವಲ್ಪ ಕನ್ನಡ ಹೇಳ್ಕೊಡ್ತೀರಾ ಅಂತ."

ನನಗೆ ಬಂದ ಸಿಟ್ಟಿಗೆ ಫೋನು ಕೈಯಲ್ಲಿ ಉಳಿದದ್ದೇ ದೊಡ್ಡದು.

"ಕನ್ನಡ ಹೇಳಿಕೊಡಂಗಿಲ್ರಿ" ಅಂದೆ. "ಅಲ್ಲಿಗೆ ಬರಂಗೂ ಇಲ್ಲ. ಬೇಕಾದ್ರ ನಮ್ಮ ಮನಿಗೆ ಟ್ಯೂಷನ್‌ಗೆ ಕಳಸ್ರಿ. ಸಂಜಿ ಬ್ಯಾಚ್. ಉಳದ ಹುಡುಗ್ಯಾರ ಜೋಡಿ ಚಾಪಿ ಮ್ಯಾಲ ಕೂಡಬೇಕು. ಎಲ್ಲಾರು ಕೊಡೂದನ್ನ ಕೊಡಬೇಕು. ಬ್ಲೌಸ್ ಪೀಸ್ ಬ್ಯಾಡ."

ಅವರು ಫೋನ್ ಇಟ್ಟರು. ಇನ್ನು ಬರುವುದಿಲ್ಲ ಅಂದುಕೊಂಡೆ.

ಮುಂದಿನ ವಾರ ಒಂದು ಸಂಜೆ ಮಕ್ಕಳು ಚಾಪೆ ಬಿಡಿಸಿ ಕೂತಿದ್ದರು. ಬಿಳಿ ಕಾರು ನಮ್ಮ ಗಲ್ಲಿಯೊಳಗೆ ನುಗ್ಗಲಾಗದೆ ಮುಖ್ಯರಸ್ತೆಯಲ್ಲೇ ನಿಂತಿತ್ತು. ಅಕ್ಕನದೇ ಮೂಗು, ಅಕ್ಕನದೇ ಹೆದರಿದ ಕಣ್ಣು ಹೊತ್ತ ಹುಡುಗಿಯೊಬ್ಬಳು ಎದೆಗೆ ಚೀಲ ಅವಚಿಕೊಂಡು ಚಪ್ಪಲಿ ರಾಶಿಯ ಆಚೆ ಬಂದು ನಿಂತಳು. ಬಾಗಿಲ ಮೇಲಿನ ಬೋರ್ಡನ್ನು ಓದಿದಳು. ಓದಿಯೂ, ಮನೆಯಲ್ಲಿ ಹೇಳಿಕೊಟ್ಟದ್ದನ್ನೇ ಕೇಳಿದಳು.

"ಆಂಟಿ, ಕನ್ನಡ ಕ್ಲಾಸ್ ಇದೇನಾ?"

"ಅಲ್ಲವ್ವಾ" ಅಂದೆ. "ಇದು ಟ್ಯೂಷನ್. ಚಪ್ಪಲ್ ಬಿಟ್ಟು ಒಳಗ ಬಾ."